ಕ್ಲೀನರ್ ಸೀಟಿಲ್ಲದ ಹೆಲಿಕಾಪ್ಟರ್

ಈ ಅಂಕಣದಲ್ಲಿ ಸಾಮಾನ್ಯವಾಗಿ ಪುಸ್ತಕಗಳ ಬಗ್ಗೆ ಬರೆಯುತ್ತೇನೆ. ಈ ಸಲವೂ ಪುಸ್ತಕವೇ, ಆದರೆ ಯಾವ ಅಂಗಡಿಯಲ್ಲೂ ಸಿಗೋದಿಲ್ಲ. ಇರುವುದು ಒಂದೇ ಪ್ರತಿ, ಮೈಸೂರಿನಲ್ಲಿ ನನ್ನ ಚಿಕ್ಕಮ್ಮನ ಮಗನ ಬೀರುವಿನಲ್ಲಿ. ಕಪ್ಪು ರಟ್ಟಿನ, ಅಡ್ಡಕ್ಕೆ ಉದ್ದವಾದ ಲಾಗ್‌ಬುಕ್. ಅವನು ಹೆಲಿಕಾಪ್ಟರ್ ಪೈಲಟ್. ಅಂದರೆ ಲೈಸೆನ್ಸ್ ಇದೆ, ಹಾರಿಸೋ ಕೆಲಸ ಇಲ್ಲ. ಸಂಕ್ರಾಂತಿಗೆ ಹೋದಾಗ, "ಅಷ್ಟೊಂದು ಓದ್ತೀಯಲ್ಲಕ್ಕ, ಇದನ್ನೂ ಓದು. ಎಂಬತ್ತು ಸಾವಿರ ಡಾಲರ್ ಪುಸ್ತಕ" ಅಂತ ಕೈಗಿಟ್ಟ. ತಮಾಷೆಗೆ ಹೇಳಿದ್ದು. ನಾನು ಎರಡು ರಾತ್ರಿ ಕೂತು ಪೂರ್ತಿ ಓದಿದೆ.

ಓದಿಸಿಕೊಂಡು ಹೋಗುವ ಪುಸ್ತಕ ಅಲ್ಲವೇ ಅಲ್ಲ. ದಿನಾಂಕ, ಹೆಲಿಕಾಪ್ಟರಿನ ನಂಬರು, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು. ಹೊತ್ತನ್ನು ಗಂಟೆಯ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಬರೀತಾರೆ, ಆರು ನಿಮಿಷ ಅಂದರೆ 0.1. ಹೀಗೆ 0.9, 1.1, 1.3 ಅಂತ ಸಾಲು ಸಾಲು. ಬಲತುದಿಯಲ್ಲಿ ಷರಾ ಬರೆಯೋಕೆ ಎರಡು ಬೆರಳಗಲ ಜಾಗ. ಪ್ರತಿ ಪುಟದ ಕೆಳಗೆ ಮೊತ್ತ ಕೂಡಿಸಿ ಮುಂದಿನ ಪುಟಕ್ಕೆ ಒಯ್ದಿರುತ್ತಾರೆ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ. ನನ್ನ ತಕರಾರು ಇರುವುದು ಆ ಮೊತ್ತದ ಬಗ್ಗೆ.

ಮೊದಲ ಭಾಗವೆಲ್ಲ ಅಮೆರಿಕದ ಒರೆಗಾನ್ ರಾಜ್ಯದ್ದು. ವಿದ್ಯಾರ್ಥಿ ವೀಸಾದಲ್ಲಿ ಹೋಗಿದ್ದ. ಚಿಕ್ಕಪ್ಪ ಒಂದಷ್ಟು ಜಮೀನು ಮಾರಿದರು, ಉಳಿದದ್ದು ಬ್ಯಾಂಕ್ ಸಾಲ. ಪ್ರತಿ ಸಾಲಿನಲ್ಲೂ ಒಂದೇ ಹೆಸರು, ಆರ್-22. ಕ್ಯಾಲಿಫೋರ್ನಿಯದ ಫ್ರಾಂಕ್ ರಾಬಿನ್ಸನ್ ವಿನ್ಯಾಸ ಮಾಡಿದ, 1979ರಲ್ಲಿ ಸರ್ಕಾರದ ಮಂಜೂರಾತಿ ಪಡೆದ ಎರಡು ಸೀಟಿನ ಪುಟ್ಟ ಹೆಲಿಕಾಪ್ಟರ್. ನಾಲ್ಕು ಸಿಲಿಂಡರ್ ಪಿಸ್ಟನ್ ಎಂಜಿನ್. ರಾಬಿನ್ಸನ್ ಇದನ್ನು ಕಲಿಯುವವರಿಗೆ ಅಂತ ಮಾಡಿದ್ದೇ ಅಲ್ಲ, ಸ್ವಂತಕ್ಕೆ ಇಟ್ಟುಕೊಂಡು ಓಡಾಡುವವರಿಗೆ ಅಂತ ಮಾಡಿದ್ದು. ಆದರೆ ಖರ್ಚು ಕಡಿಮೆ, ಹಾಗಾಗಿ ಶಾಲೆಗಳೆಲ್ಲ ಅದನ್ನೇ ಹಿಡಿದವು.

150 ಗಂಟೆಗೆ ಅಲ್ಲಿ ಕಮರ್ಷಿಯಲ್ ಲೈಸೆನ್ಸ್ ಪರೀಕ್ಷೆಗೆ ಕೂರಬಹುದು. ಪಾಸಾದರೆ ದುಡ್ಡು ತಗೊಂಡು ಹಾರಿಸುವ ಹಕ್ಕು ಬರುತ್ತೆ. ಕೆಲಸ ಬರಲ್ಲ. ಪ್ರಯಾಣಿಕರನ್ನು ಬಾಡಿಗೆಗೆ ಒಯ್ಯುವ ಕಂಪನಿಯಲ್ಲಿ ಕ್ಯಾಪ್ಟನ್ ಆಗೋಕೆ ನಿಯಮವೇ ಕನಿಷ್ಠ 500 ಗಂಟೆ ಕೇಳುತ್ತೆ. ಗ್ರ್ಯಾಂಡ್ ಕ್ಯಾನ್ಯನ್ ಸುತ್ತಿಸುವವರು, ಅಲಾಸ್ಕದ ಹಿಮನದಿ ತೋರಿಸುವವರು ಕೇಳೋದು ಸಾಮಾನ್ಯವಾಗಿ 1,000 ಗಂಟೆಯ ಆಸುಪಾಸು, ಯಾಕಂದರೆ ಅವರ ಹಿಂದೆ ಇನ್ಶೂರೆನ್ಸ್‌ನವರು ಕೂತಿದ್ದಾರೆ. ‘ಫ್ರೆಶರ್ ಬೇಕು, ಮೂರು ವರ್ಷ ಅನುಭವ ಇರಬೇಕು’ ಅನ್ನುವ ಜಾಹೀರಾತು ನೋಡಿ ನಾವೆಲ್ಲ ನಕ್ಕಿದ್ದೀವಲ್ಲ, ಅದೇ ಕಥೆ. ವ್ಯತ್ಯಾಸ ಏನಂದರೆ, ಕೋಡ್ ಬರೆಯೋದನ್ನ ರಾತ್ರಿ ಮನೇಲಿ ಕೂತು ಬಿಟ್ಟಿಯಾಗಿ ಕಲೀಬಹುದು. ಹೆಲಿಕಾಪ್ಟರಿನಲ್ಲಿ ಒಂದು ಗಂಟೆ ಅನುಭವ ಬೇಕಂದರೆ ಒಂದು ಗಂಟೆಯ ಪೆಟ್ರೋಲು, ಎಂಜಿನ್ನಿನ ಸವಕಳಿ, ಬಾಡಿಗೆ ಎಲ್ಲ ಯಾರಾದರೂ ಕೊಡಬೇಕು.

ಯಾರು ಕೊಡ್ತಾರೆ ಅನ್ನೋದು ಈ ಪುಸ್ತಕದ ನಡುವಿನ ಒಂದು ಪುಟದಲ್ಲಿದೆ. ಅಲ್ಲಿಯವರೆಗೆ ‘ಪಡೆದ ಪಾಠ’ ಅನ್ನುವ ಕಾಲಂನಲ್ಲಿ ಬೀಳುತ್ತಿದ್ದ ಅಂಕಿಗಳು ಇದ್ದಕ್ಕಿದ್ದಂತೆ ಪಕ್ಕದ ‘ಕೊಟ್ಟ ಪಾಠ’ ಕಾಲಂಗೆ ಜಿಗಿಯುತ್ತವೆ. ಮಧ್ಯೆ ಇರುವುದು ಹತ್ತೊಂಬತ್ತು ದಿನ. ಒಟ್ಟು ಗಂಟೆ 203. ಆರ್-22ರಲ್ಲಿ ಪಾಠ ಹೇಳೋಕೆ ಹೆಲಿಕಾಪ್ಟರಿನಲ್ಲಿ 200 ಗಂಟೆ, ಅದರಲ್ಲಿ 50 ಆರ್-22ರಲ್ಲೇ ಆಗಿರಬೇಕು ಅಂತ 1995ರಲ್ಲಿ ಒಂದು ವಿಶೇಷ ನಿಯಮ ಬಂತು. ಬಂದದ್ದು ಅಪಘಾತಗಳ ನಂತರ. ಆ 200 ಈಗ ಗುರಿಯ ಗೆರೆ ಆಗಿಬಿಟ್ಟಿದೆ. ಮೂರು ವಾರದ ಹಿಂದೆ ವಿದ್ಯಾರ್ಥಿ, ಇವತ್ತು ಮೇಷ್ಟ್ರು.

ಆರ್-22ರ ರೆಕ್ಕೆಗಳು ಹಗುರ. ಎಂಜಿನ್ ನಿಂತರೆ ಎಡಗೈಯಲ್ಲಿರುವ ಲಿವರನ್ನು ಒಂದೆರಡು ಸೆಕೆಂಡಿನೊಳಗೆ ಕೆಳಗೆ ತಳ್ಳಬೇಕು. ತಡವಾದರೆ ರೆಕ್ಕೆಯ ವೇಗ ಬಿದ್ದುಹೋಗುತ್ತೆ, ಆಮೇಲೆ ಮರಳಿ ಬರಲ್ಲ. ಇಂಥ ಯಂತ್ರದಲ್ಲಿ ಏನೂ ಗೊತ್ತಿಲ್ಲದವನ ಪಕ್ಕ ಕೂತು, ಅವನ ತಪ್ಪು ಯಾವಾಗ ಬರುತ್ತೆ ಅಂತ ಕಾಯೋ ಕೆಲಸವನ್ನ ಈ ಉದ್ಯಮ ತನ್ನ ಅತ್ಯಂತ ಹೊಸಬರಿಗೆ ಕೊಟ್ಟಿದೆ. ಪ್ರವಾಸಿಗರನ್ನು ಕೂರಿಸಿಕೊಳ್ಳೋಕೆ ಸಾಲದ ಅನುಭವ, ಕಲಿಯುವವರನ್ನು ಕೂರಿಸಿಕೊಳ್ಳೋಕೆ ಸಾಕು.

ಪಾಠ ಹೇಳಿದರೆ ತಾನೇ ಕಲಿಯೋದು ಅಂತ ಇದನ್ನು ಸಮರ್ಥಿಸುವವರಿದ್ದಾರೆ. ಸುಳ್ಳಲ್ಲ. "ಹೋವರ್ ಅಂದ್ರೇನು ಅಂತ ನಂಗೆ ಅರ್ಥ ಆಗಿದ್ದೇ ಇನ್ನೊಬ್ರು ಕೆಡಿಸೋದನ್ನ ನೋಡಿ" ಅಂತ ಇವನೂ ಹೇಳಿದ. ಆದರೆ ಅವನ ಜೊತೆಯ ಇನ್‌ಸ್ಟ್ರಕ್ಟರುಗಳಲ್ಲಿ ಪಾಠ ಹೇಳೋ ಆಸೆಯಿಂದ ಬಂದವರು ಎಷ್ಟು ಜನ ಅಂತ ಕೇಳಿದೆ. ನಕ್ಕುಬಿಟ್ಟ. ಎಲ್ಲರೂ ಗಂಟೆ ಎಣಿಸುತ್ತಿದ್ದವರೇ. ವಿದ್ಯಾರ್ಥಿ ಕೊಡುವ ದುಡ್ಡಿನಲ್ಲಿ ಮೇಷ್ಟ್ರ ಗಂಟೆ ಏರುತ್ತೆ. ಆ ವಿದ್ಯಾರ್ಥಿ ನಾಳೆ ಮೇಷ್ಟ್ರಾಗಬೇಕಂದರೆ ಅವನಿಗೂ ವಿದ್ಯಾರ್ಥಿಗಳು ಬೇಕು. ಎಷ್ಟು ದಿನ ನಡೆದೀತು? 2008ರ ಫೆಬ್ರವರಿ 3ರ ಭಾನುವಾರ ನೆವಾಡದ ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ ಅನ್ನುವ ಶಾಲೆ ದೇಶದ ತುಂಬ ಇದ್ದ ತನ್ನ ಶಾಖೆಗಳನ್ನೆಲ್ಲ ಒಮ್ಮೆಗೇ ಮುಚ್ಚಿತು. ವಿದ್ಯಾರ್ಥಿಗಳೇ ಸಾವಿರಗಟ್ಟಲೆ. ಬಹಳಷ್ಟು ಜನ ಸುಮಾರು 70 ಸಾವಿರ ಡಾಲರ್ ಸಾಲ ತೆಗೆದು ಮೊದಲೇ ಕಟ್ಟಿದ್ದರು. ಸಾಲ ಉಳಿಯಿತು, ಹೆಲಿಕಾಪ್ಟರ್ ಹೋಯಿತು.

ಇವನ ಶಾಲೆ ಮುಚ್ಚಲಿಲ್ಲ, ನಿಜ. ಓದು ಮುಗಿದ ಮೇಲೆ ಕೆಲಸ ಮಾಡೋಕೆ ವೀಸಾ ಕೊಡುವುದು ಒಂದು ವರ್ಷ, ಆ ವರ್ಷವಿಡೀ ಒರೆಗಾನ್‌ನ ಮಳೆ, ಮಂಜು, ಒಬ್ಬ ವಿದ್ಯಾರ್ಥಿಗೆ ಮೂವರು ಇನ್‌ಸ್ಟ್ರಕ್ಟರುಗಳು. ಅವನ ರೂಮ್‌ಮೇಟ್ ಒಂದು ಬೇಸಿಗೆ ಚೆರ್ರಿ ತೋಟದಲ್ಲಿ ಕೆಲಸ ಹಿಡಿದ. ಕೊಯ್ಲಿಗೆ ಮುಂಚೆ ಮಳೆ ಬಂದರೆ ಹಣ್ಣಿನ ಮೇಲೆ ನೀರು ನಿಂತು ಬಿರಿಯುತ್ತೆ. ಅದಕ್ಕೆ ಮರಗಳ ನೆತ್ತಿಯ ಮೇಲೇ ಹೆಲಿಕಾಪ್ಟರ್ ಹಾರಿಸಿ, ಗಾಳಿಗೆ ನೀರು ಉದುರಿಸ್ತಾರೆ. ಕೆಳಗೆ ಕೊಂಬೆ, ಪಕ್ಕದಲ್ಲಿ ಕರೆಂಟ್ ತಂತಿ. ದಿನವಿಡೀ ಮಳೆಗೆ ಕಾಯೋದು, ಬಂದ ಕೂಡಲೇ ಹಾರೋದು. ಕಡಿಮೆ ಗಂಟೆಯವರಿಗೂ ಸಿಗುವ ಕೆಲಸ ಅಂದರೆ ಇಂಥದ್ದು.

ಇವನ ಕೊನೆಯ ಮೊತ್ತ 412.6. ಅಲ್ಲಿಗೆ ಪುಸ್ತಕ ನಿಂತಿದೆ, ಅದರ ಮುಂದೆ ಅರ್ಧಕ್ಕೂ ಹೆಚ್ಚು ಖಾಲಿ ಹಾಳೆ.

ಇನ್ನು ಈ ಪುಸ್ತಕದಲ್ಲಿ ಇಲ್ಲದ್ದರ ಬಗ್ಗೆ. ನವೆಂಬರಿನ ಒಂದು ವಾರ ಪೂರ್ತಿ ಖಾಲಿ ಬಿಟ್ಟಿತ್ತು, ಯಾಕೋ ಅಂದೆ. ಮಂಜು ಪೂರ್ತಿ ಮುಚ್ಚಿರಲಿಲ್ಲ, ನಿಯಮದ ಪ್ರಕಾರ ಹಾರಬಹುದಿತ್ತು. ಇವನು ಬೇಡ ಅಂದ. ವಿದ್ಯಾರ್ಥಿ ಸಿಡಿಮಿಡಿಗೊಂಡು ಬೇರೆ ಇನ್‌ಸ್ಟ್ರಕ್ಟರನ್ನು ಕೇಳಿಕೊಂಡ. "ಆವತ್ತು ನಾನು ಮಾಡಿದ್ದು ಸರೀನೇ ಅಕ್ಕ. ಆದ್ರೆ ಪುಸ್ತಕದಲ್ಲಿ ಸೊನ್ನೆ. ಸೊನ್ನೇನೂ ಅಲ್ಲ, ಸಾಲೇ ಇಲ್ಲ." ಪೈಲಟ್ಟಿನ ಅನುಭವದಲ್ಲಿ ಬೆಲೆಬಾಳುವ ಭಾಗ ಯಾವುದು? ಹವಾಮಾನ ನೋಡಿ ಇವತ್ತು ಬೇಡ ಅನ್ನೋದು, ಅರ್ಧ ದಾರಿಯಿಂದ ತಿರುಗಿ ಬರೋದು. ಅದಕ್ಕೆ ಇಲ್ಲಿ ಕಾಲಂ ಇಲ್ಲ. ಹಾರಿದವನಿಗೆ 1.2 ಸಿಗುತ್ತೆ, ತಡೆದವನಿಗೆ ಏನೂ ಇಲ್ಲ. ಗಂಟೆಗಾಗಿ ಹಸಿದಿರುವ ಹುಡುಗರ ಕೈಗೆ ಇಂಥ ಲೆಕ್ಕದ ಪುಸ್ತಕ ಕೊಟ್ಟರೆ ಅವರು ಯಾವ ಕಡೆ ವಾಲುತ್ತಾರೆ ಅಂತ ಹೇಳೋಕೆ ಪೈಲಟ್ ಆಗಬೇಕಿಲ್ಲ. ಸುಳ್ಳು ಬರೆಯುವವರೂ ಇರ್ತಾರೆ. ವಿಮಾನದವರ ಭಾಷೆಯಲ್ಲಿ ಇದಕ್ಕೆ ‘ಪಿ-51 ಗಂಟೆ’ ಅನ್ನುವ ಹಳೇ ಜೋಕು ಉಂಟು. ಪಿ-51 ಎರಡನೇ ಮಹಾಯುದ್ಧದ ಫೈಟರ್ ವಿಮಾನ, ಇಲ್ಲಿ ಮಾತ್ರ ಪಾರ್ಕರ್ 51 ಪೆನ್ನು.

ಹಾಗಾದರೆ ಅನುಭವ ಇಲ್ಲದವರಿಗೇ ಹೆಲಿಕಾಪ್ಟರ್ ಕೊಟ್ಟುಬಿಡಬೇಕಾ ಅಂತ ನೀವು ಕೇಳಬಹುದು. ಬೇಡ. ನಮ್ಮ ಲಾರಿಗಳನ್ನು ನೋಡಿ. ಕ್ಲೀನರ್ ಹುಡುಗ ವರ್ಷಗಟ್ಟಲೆ ಡ್ರೈವರ್ ಪಕ್ಕ ಕೂತಿರ್ತಾನೆ. ಗಾಜು ಒರೆಸ್ತಾನೆ, ರಿವರ್ಸ್ ಹೇಳ್ತಾನೆ, ಘಾಟಿಯಲ್ಲಿ ಯಾವ ಗೇರು, ಯಾವ ಢಾಬಾದ ಮುಂದೆ ನಿಲ್ಲಿಸಬಾರದು ಎಲ್ಲ ನೋಡಿ ಕಲೀತಾನೆ. ಒಂದು ದಿನ ರಸ್ತೆ ಖಾಲಿ ಇದ್ದಾಗ ಸ್ಟಿಯರಿಂಗ್ ಸಿಗುತ್ತೆ. ಈ ಪದ್ಧತಿಯಲ್ಲಿ ನೂರು ಹುಳುಕಿದೆ, ಬೇಡದ ಹಿರಿಮೆ ಕಟ್ಟೋದಿಲ್ಲ. ಆದರೆ ಕಲಿಯೋಕೆ ಒಂದು ಸೀಟಂತೂ ಇದೆ.

ಅಮೆರಿಕದ ಸೈನ್ಯಕ್ಕೆ ಇದು ಗೊತ್ತಿತ್ತು. ವಿಯೆಟ್ನಾಂ ಯುದ್ಧಕ್ಕೆ ಅವರು ಕಳಿಸುತ್ತಿದ್ದ ಹೆಲಿಕಾಪ್ಟರ್ ಪೈಲಟ್‌ಗಳಿಗೆ ಆಗಿರುತ್ತಿದ್ದದ್ದೂ ಹೆಚ್ಚುಕಮ್ಮಿ 200 ಗಂಟೆಯೇ. ರಾಬರ್ಟ್ ಮೇಸನ್ ಅನ್ನುವ ಪೈಲಟ್ 1983ರಲ್ಲಿ ಬರೆದ ‘ಚಿಕನ್‌ಹಾಕ್’ ಆ ಯುದ್ಧದ ನೆನಪುಗಳ ಪುಸ್ತಕ, ಸಿಕ್ಕರೆ ಓದಿ. ಹ್ಯೂಯಿಯಲ್ಲಿ ಎರಡು ಸೀಟು. ಹೊಸಬ ‘ಪೀಟರ್ ಪೈಲಟ್’ ಅನ್ನಿಸಿಕೊಂಡು ಅನುಭವಸ್ಥನ ಪಕ್ಕ ಕೂರುತ್ತಿದ್ದ. ಯುದ್ಧ ಮುಗಿದ ಮೇಲೆ ಅದೇ ಪೈಲಟ್‌ಗಳು ಅಮೆರಿಕದ ಖಾಸಗಿ ಕಂಪನಿಗಳನ್ನು ತುಂಬಿಕೊಂಡರು, ದಶಕಗಟ್ಟಲೆ ಹಾರಿಸಿದರು. ಕಂಪನಿಗಳಿಗೆ ಯಾರನ್ನೂ ಬೆಳೆಸುವ ಅಗತ್ಯವೇ ಬೀಳಲಿಲ್ಲ. ಆ ತಲೆಮಾರು ಮನೆಗೆ ಹೋದ ಮೇಲೆ, 2018ರಲ್ಲಿ ನಾರ್ತ್ ಡಕೋಟಾ ವಿಶ್ವವಿದ್ಯಾಲಯದ ಅಧ್ಯಯನವೊಂದು 2036ರ ಹೊತ್ತಿಗೆ 7,600ಕ್ಕೂ ಹೆಚ್ಚು ಹೆಲಿಕಾಪ್ಟರ್ ಪೈಲಟ್‌ಗಳ ಕೊರತೆಯಾಗಲಿದೆ ಅಂತ ಲೆಕ್ಕ ಹಾಕಿತು. ಒಂದು ಕಡೆ ಪೈಲಟ್‌ಗಳಿಲ್ಲ ಅನ್ನುವ ಕೂಗು, ಇನ್ನೊಂದು ಕಡೆ 412 ಗಂಟೆಯ ಹುಡುಗರು. ನಡುವೆ ಇರಬೇಕಾದ ಸೀಟನ್ನು ಯಾರೂ ಇಟ್ಟಿಲ್ಲ. ಪ್ರವಾಸಿ ಹೆಲಿಕಾಪ್ಟರಿನಲ್ಲಿ ಒಬ್ಬನೇ ಪೈಲಟ್, ಪಕ್ಕದ ಸೀಟಿಗೂ ಟಿಕೆಟ್.

ನಮ್ಮಲ್ಲಿ ಆ ಸೀಟು ಕೆಲವು ಕಡೆ ಇದೆ. ಮುಂಬೈ ಹೈನ ತೈಲ ಬಾವಿಗಳಿಗೆ ಹೋಗುವ ಹೆಲಿಕಾಪ್ಟರುಗಳಲ್ಲಿ ಇಬ್ಬರು ಪೈಲಟ್‌ಗಳು ಇರ್ತಾರೆ. ಆದರೆ ಅಮೆರಿಕದಲ್ಲಿ ವಿಯೆಟ್ನಾಂನವರು ಇದ್ದ ಜಾಗದಲ್ಲಿ ಇಲ್ಲಿ ಸೇನೆಯಿಂದ ನಿವೃತ್ತರಾದವರಿದ್ದಾರೆ. ಸಿಯಾಚಿನ್‌ನಲ್ಲಿ ಹಾರಿಸಿ ಬಂದ, ಸಾವಿರಾರು ಗಂಟೆಯ ಮನುಷ್ಯ ಎದುರಿಗೆ ನಿಂತಿರುವಾಗ ಇವನ ಪುಸ್ತಕವನ್ನು ಯಾರು ತೆರೆದು ನೋಡ್ತಾರೆ? ಅವರನ್ನು ದೂರುವುದು ಅನ್ಯಾಯ. ದೂರಬೇಕಾದ್ದು, ಸರ್ಕಾರದ ದುಡ್ಡಿನಲ್ಲಿ ತಯಾರಾಗಿ ಬಂದವರನ್ನೇ ನೆಚ್ಚಿಕೊಂಡು, ಹೊಸಬರ ಕಲಿಕೆಗೆ ಒಂದು ರೂಪಾಯಿ ಹಾಕಲು ಹಿಂಜರಿಯುವ ಕಂಪನಿಗಳನ್ನು. ಬೆಂಗಳೂರಿನಲ್ಲೇ ಎಚ್‌ಎಎಲ್‌ನ ರೋಟರಿ ವಿಂಗ್ ಅಕಾಡೆಮಿ ಇದೆ, ಹೆಲಿಕಾಪ್ಟರ್ ಕಲಿಸ್ತಾರೆ. ಕಲಿತ ಹುಡುಗ ಅಲ್ಲಿಂದ ಹೊರಬಿದ್ದ ಮೇಲಿನ ಮೊದಲ ಐನೂರು ಗಂಟೆ ಯಾರ ಜವಾಬ್ದಾರಿ?

ಇವನು ಇಲ್ಲಿ ಬಂದು ಪರೀಕ್ಷೆ ಬರೆದು ಲೈಸೆನ್ಸ್ ಬದಲಾಯಿಸಿಕೊಂಡ. ಈಗ ಕೇದಾರನಾಥದ ದಾರಿಯ ಒಂದು ಹೆಲಿಪ್ಯಾಡಿನಲ್ಲಿ ನೆಲದ ಮೇಲಿನ ಕೆಲಸ, ಸೀಸನ್ ಇದ್ದಷ್ಟು ದಿನ. ಯಾತ್ರಿಕರನ್ನು ತಕ್ಕಡಿ ಮೇಲೆ ನಿಲ್ಲಿಸಿ ತೂಕ ಬರೆದುಕೊಂಡು, ಯಾರು ಯಾವ ಸೀಟು ಅಂತ ಹೇಳೋದು. ಕಂಪನಿಯವರ ಕಣ್ಣೆದುರಿಗೆ ಇದ್ದರೆ ಎಂದಾದರೂ ಕರೆದಾರು ಅನ್ನುವ ಆಸೆ. ಚಿಕ್ಕಮ್ಮ ನೆಂಟರಿಗೆಲ್ಲ "ಹೆಲಿಕಾಪ್ಟರ್ ಕಂಪನೀಲಿದಾನೆ" ಅಂತಷ್ಟೇ ಹೇಳ್ತಾರೆ.

ನಾನು ಹೊರಡುವ ದಿನ ಪುಸ್ತಕ ವಾಪಸ್ ಕೊಟ್ಟೆ. ಅಲ್ಲಿ ಒಬ್ಬರು ಹಳೇ ವಿಂಗ್ ಕಮಾಂಡರ್ ಇದ್ದಾರಂತೆ. ಸೀಸನ್ ಶುರುವಿಗೆ ಹೆಲಿಕಾಪ್ಟರನ್ನು ಡೆಹ್ರಾಡೂನಿನಿಂದ ಖಾಲಿ ತಗೊಂಡು ಹೋಗುವಾಗ ಪಕ್ಕದಲ್ಲಿ ಕೂರಿಸಿಕೊಳ್ತೀನಿ ಅಂದಿದ್ದಾರೆ.

"ಅದನ್ನ ಇದರಲ್ಲಿ ಬರ್ಕೋಬಹುದಾ?" ಅಂದೆ.

"ಇಲ್ಲಕ್ಕ, ಒಬ್ಬನೇ ಪೈಲಟ್ ಹಾರಿಸೋ ಮೆಷಿನ್ ಅದು. ನಾನು ಕೂತಿದ್ದು ಲೆಕ್ಕಕ್ಕೆ ಬರಲ್ಲ" ಅಂದ. "ಆದ್ರೂ ಹೋಗ್ತೀನಿ. ಆ ಕಣಿವೇಲಿ ಅವ್ರು ಎಲ್ಲಿ ತಿರುಗಿಸ್ತಾರೆ ಅಂತ ನೋಡ್ಬೇಕು."