ಬಾಯಿ ಬಿಡದ ಮಗು, ಕನ್ನಡದ ತರಗತಿ

ದಕ್ಷಿಣ ಕೊಡಗಿನ ಹಲವು ಸರ್ಕಾರಿ ಶಾಲೆಗಳಲ್ಲಿ ಕೊಡವ ತಕ್ಕ್, ಮಲಯಾಳಂ, ಅರೆಭಾಷೆ, ಯರವರ ರಾವುಳ, ಜೇನುಕುರುಬರ ನುಡಿ ಆಡುವ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಈಚೆಗೆ ಅಸ್ಸಾಮಿನಿಂದ ತೋಟದ ಲೈನ್‌ಮನೆಗಳಿಗೆ ಬಂದವರ ಮಕ್ಕಳೂ ಸೇರಿಕೊಂಡಿದ್ದಾರೆ. ಪಠ್ಯ ಮಾತ್ರ ಕನ್ನಡವೇ ಮನೆಮಾತಾದ ಮಗುವಿಗೆಂದು ಬರೆದದ್ದು. ಇಲ್ಲಿ ಕೇಳಿದ್ದಕ್ಕೆ ಉತ್ತರ ಕೊಡದ, ಪುಸ್ತಕ ತೆರೆಯದ, ಗದರಿದರೆ ಎದ್ದು ಹೊರಟೇಬಿಡುವ ಹುಡುಗನಿಗೆ ಸಿದ್ಧವಾಗಿರುವ ಹೆಸರು ‘ಹಠಮಾರಿ’. ಬುಡಕಟ್ಟಿನವರ ಹಾಡಿಯ ಹುಡುಗನಾದರೆ ‘ಇವರಿಗೆ ಓದು ಹತ್ತುವುದಿಲ್ಲ’ ಎಂಬ ಮಾತೂ ಸೇರುತ್ತದೆ. ಮುಂದೆ ಕೊನೆಯ ಬೆಂಚು, ಬಾಗಿಲಾಚೆ ನಿಲ್ಲುವ ಶಿಕ್ಷೆ, ‘ಅಪ್ಪನನ್ನು ಕರೆದುಕೊಂಡು ಬಾ’ ಎಂಬ ಅಪ್ಪಣೆ. ಅಪ್ಪ ಬಂದರೆ ಅಂದಿನ ಕೂಲಿ ಹೋಯಿತು. ಮಗುವಿನ ನಡತೆಯನ್ನು ತಿದ್ದಲು ಹೊರಟ ಈ ಕ್ರಮ ಅದರ ಭಾಷೆಯನ್ನು ಕೇಳಿಸಿಕೊಂಡೇ ಇಲ್ಲ ಎಂಬುದು ನನ್ನ ಆಕ್ಷೇಪ.

ಹೊಸ ಭಾಷೆಗೆ ಬಿದ್ದ ಮಗು ಕೆಲವು ತಿಂಗಳು ಮಾತಾಡದೆ ಬರೀ ಕೇಳಿಸಿಕೊಳ್ಳುವುದು ಸಹಜವೆಂದು ಭಾಷಾ ಕಲಿಕೆಯ ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಒಂದನೇ ತರಗತಿಯ ಯರವ ಮಗುವಿನ ಮೌನ ಬಹುಮಟ್ಟಿಗೆ ಇದೇ. ಆ ಮೌನಕ್ಕೆ ಬೈಗುಳ ಬಿದ್ದು, ತಪ್ಪು ಉಚ್ಚಾರಕ್ಕೆ ತರಗತಿಯೆಲ್ಲ ನಕ್ಕು, ಐದಾರು ವರ್ಷ ಕಳೆದಾಗ ಅದು ನಿಜವಾದ ನಿರಾಕರಣೆಯಾಗುತ್ತದೆ. ಅಮೆರಿಕದ ಶಿಕ್ಷಕ ಹರ್ಬರ್ಟ್ ಕೋಲ್, ಕಲಿಯಲು ಆಗದಿರುವುದೂ ಕಲಿಯಲು ಒಲ್ಲೆನೆನ್ನುವುದೂ ಬೇರೆ ಬೇರೆ ಎಂದು ವಾದಿಸಿದರು; ಎರಡನೆಯದರಲ್ಲಿ ಮಗು ತನ್ನ ಮಾನ ಕಾಯ್ದುಕೊಳ್ಳುತ್ತಿರುತ್ತದೆ. ಕೊಡಗಿನಲ್ಲಿ ಇದಕ್ಕೆ ಕಾಫಿ ಕುಯ್ಲೂ ಜೊತೆಯಾಗುತ್ತದೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಮನೆಯವರೆಲ್ಲ ತೋಟದಲ್ಲಿರುವಾಗ ಶಾಲೆ ತಪ್ಪಿಸಿಕೊಂಡ ಮಗು ಮರಳುವ ಹೊತ್ತಿಗೆ ಪಾಠ ಎಷ್ಟೋ ಮುಂದೆ ಹೋಗಿರುತ್ತದೆ. ಅರ್ಥವಾಗದ್ದರ ಮುಂದೆ ಕೈಕಟ್ಟಿ ಕೂರುವುದಕ್ಕಿಂತ ಎದುರು ನಿಲ್ಲುವುದರಲ್ಲಿ ಹುಡುಗನಿಗೆ ಅಷ್ಟಾದರೂ ಘನತೆ ಕಾಣುತ್ತದೆ.

ನಮ್ಮಲ್ಲಿ ಒಳ್ಳೆಯ ಪ್ರಯೋಗವೇ ಆಗಿಲ್ಲವೆಂದಲ್ಲ. 1995ರಲ್ಲಿ ಪಕ್ಕದ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ರಿಷಿವ್ಯಾಲಿ ಶಾಲೆಯ ಮಾದರಿ ನೋಡಿ ಕೆಳ ತರಗತಿಗಳಿಗೆಂದು ಶುರುವಾದ ನಲಿ-ಕಲಿ ವಿಧಾನ 2009-10ರಲ್ಲಿ ರಾಜ್ಯಕ್ಕೆಲ್ಲ ಹರಡಿತು. ಅದರ ಕಲಿಕಾ ಏಣಿಯಲ್ಲಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಾರ್ಡುಗಳಲ್ಲಿ, ಮಗು ತನ್ನ ವೇಗದಲ್ಲೇ ಹತ್ತಬಹುದು, ಗೈರಾಗಿ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಕುಯ್ಲಿನ ನಾಡಿಗೆ ಇದಕ್ಕಿಂತ ಹೊಂದುವ ವಿಧಾನ ಸಿಗುವುದು ಕಷ್ಟ. ಆದರೆ ಕಾರ್ಡಿನ ಚಿತ್ರ ನೋಡಿ ಮಗು ಹೇಳಬೇಕಾದ ಪದ ಕನ್ನಡದ್ದೇ. ಜೇನುಕುರುಬರ ಹಾಡಿಗಳಿರುವ ತಾಲ್ಲೂಕಿನಲ್ಲಿ ಹುಟ್ಟಿದ ವಿಧಾನ ಅವರ ನುಡಿಗೆ ಒಂದು ಮೆಟ್ಟಿಲನ್ನೂ ಇಡಲಿಲ್ಲ. ಈ ಕೊರತೆ ಸಣ್ಣದಲ್ಲ. ನಲಿ-ಕಲಿ ಮುಗಿದ ಮೇಲಿನ ತರಗತಿಗಳಲ್ಲಿ ಏಣಿಯೂ ಇಲ್ಲ, ಪಠ್ಯಪುಸ್ತಕ ಮಾತ್ರ.

ಒಬ್ಬನ ಹಠಕ್ಕೆ ಉಳಿದ ಮೂವತ್ತು ಮಕ್ಕಳ ಪಾಠ ಕೆಡಬೇಕೆ ಎಂದು ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೊಡೆಯುವ, ಬೈಯುವ ಹುಡುಗನನ್ನು ತಡೆಯಲೇಬೇಕು. ಆದರೆ ಎಲ್ಲರೆದುರು ಅವಮಾನಿಸದೆ, ಬಿಡುವಿನಲ್ಲಿ ಪಕ್ಕಕ್ಕೆ ಕರೆದು. ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ. ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿ ಕಲಿಸಬೇಕೆಂದು 29ನೇ ಕಲಮು ಹೇಳುತ್ತದೆ. ಐದು ಭಾಷೆ ಯಾವ ಮೇಷ್ಟ್ರಿಗೆ ಬರುತ್ತದೆ ಎಂಬುದು ಅವರ ಇನ್ನೊಂದು ಪ್ರಶ್ನೆ. ಬರಬೇಕಿಲ್ಲ. ಅದೇ ಹಾಡಿಯ ದೊಡ್ಡ ತರಗತಿಯ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು ಅರ್ಥ ಹೇಳಿದರೆ, ಉತ್ತರವನ್ನು ಮೊದಲು ಮನೆಮಾತಿನಲ್ಲಿ ಹೇಳಲು ಬಿಟ್ಟರೆ ಶುರುವಿಗೆ ಸಾಕು. ಇದರಿಂದ ಕನ್ನಡ ಹಿಂದೆ ಬೀಳುತ್ತದೆಂಬ ಅಂಜಿಕೆಯನ್ನು ನಾನು ಒಪ್ಪಲಾರೆ. ಕಚೇರಿಗೂ ಆಸ್ಪತ್ರೆಗೂ ಸಂತೆಗೂ ಈ ಮಕ್ಕಳಿಗೆ ಕನ್ನಡ ಬೇಕೇ ಬೇಕು. ಆ ಕನ್ನಡ ಬಾಯಿಗೆ ಬರಲಿ ಎಂದೇ ಈ ವಾದ. ಹಸಿವು, ಮನೆಯ ಕುಡಿತ, ಒಕ್ಕಲೆಬ್ಬಿಸುವ ಭಯ ಇವೂ ಮಗುವನ್ನು ಮುರುಟಿಸುತ್ತವೆ, ಅವಕ್ಕೆಲ್ಲ ಭಾಷೆ ಮದ್ದಲ್ಲ. ಆದರೆ ಶಾಲೆಯ ಕೈಯಲ್ಲೇ ಇರುವುದು ಇದು. ಹಾಡಿಯಲ್ಲಿ ಹತ್ತನೆಯ ತರಗತಿ, ಪಿಯುಸಿ ಓದಿದ ಯುವಕ ಯುವತಿಯರನ್ನು ಇಂಥ ಶಾಲೆಗಳಿಗೆ ಭಾಷಾ ಸಹಾಯಕರಾಗಿ ಸಂಬಳ ಕೊಟ್ಟು ನೇಮಿಸಬೇಕೆಂದು ಶಿಕ್ಷಣ ಇಲಾಖೆಯನ್ನೂ ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಯನ್ನೂ ಕೇಳಿಕೊಳ್ಳುತ್ತೇನೆ.