ಬೆರಗಿಗೂ ಸಾಕ್ಷಿ ಬೇಕು

ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳು ನಮ್ಮ ಸಕಲೇಶಪುರ, ಆಲೂರು ಕಡೆಯ ಎಷ್ಟೋ ಮನೆಗಳಲ್ಲಿ ಪಂಚಾಂಗದ ಪಕ್ಕದಲ್ಲೇ ಇರುತ್ತವೆ. ಅವರು ಬಾಳಿದ ಮೂಡಿಗೆರೆ ನಮಗೆ ನೆರೆಯ ತಾಲ್ಲೂಕು. ಅಲ್ಲಿ ಹುಟ್ಟಿದ ಹೇಮಾವತಿಯೇ ನಮ್ಮೂರ ಸೇತುವೆಯ ಕೆಳಗೆ ಹರಿಯುತ್ತದೆ. ನಮ್ಮವರೆಂಬ ಅಭಿಮಾನದಿಂದಲೋ ಏನೋ, ಅವರನ್ನು ಹೊಗಳುತ್ತೇವೆಯೇ ಹೊರತು ಅವರ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ತೂಗಿ ನೋಡುವುದಿಲ್ಲ. ತೂಗಿದರೆ ಎರಡು ಬಗೆಯ ಬೆರಗು ಕಾಣುತ್ತದೆ: ಅವರು ಕಣ್ಣಾರೆ ಕಂಡದ್ದು ಒಂದು, ಓದಿ ತಂದದ್ದು ಇನ್ನೊಂದು.

ಓದಿ ತಂದದ್ದರ ಹರವು ದೊಡ್ಡದು. ಮನುಷ್ಯನ ಮೂಲ, ಹಾರುವ ತಟ್ಟೆಗಳು, ನೈಲ್ ನದಿಯ ಹುಟ್ಟು, ಪೆಸಿಫಿಕ್ ದ್ವೀಪಗಳು, ಮಹಾಯುದ್ಧ, ಎಲ್ಲವೂ ಅಲ್ಲಿವೆ. ಇಂಗ್ಲಿಷ್ ಪುಸ್ತಕ ಕೈಗೆ ಸಿಗದ, ಸಿಕ್ಕರೂ ಓದಲಾಗದ ಸಣ್ಣ ಊರುಗಳ ಹೆಂಗಸರಿಗೆ ಇದು ಕಡಿಮೆ ಉಪಕಾರವಲ್ಲ. ಅಡುಗೆ ಮುಗಿಸಿ ಕೂತ ಒಂದು ಗಂಟೆಯಲ್ಲಿ ನಾವು ಆಫ್ರಿಕಾಕ್ಕೆ ಹೋಗಿ ಬಂದಿದ್ದೇವೆ.

ಆದರೆ ‘ಪರಿಸರದ ಕತೆ’ (1991) ಓದುವಾಗ ಆಗುವ ಅನುಭವವೇ ಬೇರೆ. ಅಲ್ಲಿ ಲೇಖಕರೇ ತೋಟದಲ್ಲಿ ನಿಂತಿದ್ದಾರೆ. ಜೊತೆಗೆ ಕಿವಿ ಎಂಬ ನಾಯಿ ಇದೆ, ಮಾಸ್ತಿ, ಬೈರರಂಥವರಿದ್ದಾರೆ. ಯಾರಾದರೂ ದೊಡ್ಡ ಮಾತು ಹೇಳಿದರೆ ತೇಜಸ್ವಿ ತಕ್ಷಣ ನಂಬುವುದಿಲ್ಲ. ನಗುತ್ತಾರೆ, ಹೋಗಿ ನೋಡುತ್ತಾರೆ. ‘ಕರ್ವಾಲೊ’ (1980) ಕಾದಂಬರಿಯ ಹಾರುವ ಓತಿಯನ್ನೇ ನೋಡಿ. ಕಥೆಯಲ್ಲಿ ಅದು ಯುಗಯುಗಗಳಿಂದ ಉಳಿದುಬಂದ ಅಪರೂಪದ ಜೀವಿ. ವಾಸ್ತವದಲ್ಲಿ ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲೂ ಅದು ಇದೆ. ಪಕ್ಕೆಲುಬುಗಳನ್ನು ಹರಡಿ, ಚರ್ಮದ ರೆಕ್ಕೆ ಬಿಚ್ಚಿ, ಮರದಿಂದ ಮರಕ್ಕೆ ತೇಲುತ್ತದೆ. ಇದರಿಂದ ಕಾದಂಬರಿಗೆ ಕುಂದಿಲ್ಲ, ಏಕೆಂದರೆ ಅದು ಕಾದಂಬರಿ ಎಂದು ಹೇಳಿಕೊಂಡೇ ಬಂದಿದೆ.

ನನ್ನ ತಕರಾರು ಅವರು ಕನ್ನಡಕ್ಕೆ ತಂದ ‘ಮಹಾಪಲಾಯನ’ದ ಬಗ್ಗೆ. 1941ರಲ್ಲಿ ಸೈಬೀರಿಯಾದ ಸೆರೆಶಿಬಿರದಿಂದ ತಪ್ಪಿಸಿಕೊಂಡ ಏಳು ಜನ ಗೋಬಿ ಮರುಭೂಮಿ, ಟಿಬೆಟ್, ಹಿಮಾಲಯ ದಾಟಿ ಕಾಲ್ನಡಿಗೆಯಲ್ಲೇ ಭಾರತದತ್ತ ಹೊರಟ ಕಥೆ ಅದು. ಪೋಲೆಂಡಿನ ಸ್ಲಾವೊಮಿರ್ ರಾವಿಜ್ ತನ್ನ ಸ್ವಂತ ಅನುಭವವೆಂದು ಹೇಳಿದ ಈ ಕಥೆ 1956ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಗೋಬಿಯಲ್ಲಿ ದಿನಗಟ್ಟಲೆ ನೀರಿಲ್ಲದ ನಡಿಗೆ, ಹಿಮಾಲಯದಲ್ಲಿ ಹಿಮಮಾನವರಂಥ ಜೀವಿಗಳು, ಇವನ್ನು ಓದಿ ಆ ನಾಡುಗಳನ್ನು ಬಲ್ಲವರು ಆಗಲೇ ಅನುಮಾನಪಟ್ಟಿದ್ದರು. 2006ರಲ್ಲಿ ಬಿಬಿಸಿ ಹಳೆಯ ಸೋವಿಯತ್ ದಾಖಲೆಗಳನ್ನು ಹೊರತೆಗೆಯಿತು. ಅವುಗಳ ಪ್ರಕಾರ ರಾವಿಜ್ ಓಡಿಹೋಗಿರಲೇ ಇಲ್ಲ. 1942ರಲ್ಲಿ ಬಿಡುಗಡೆಯಾಗಿ, ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿನ ನಿರಾಶ್ರಿತರ ಶಿಬಿರ ಸೇರಿದ್ದ.

ಮರುವರ್ಷವೇ, 2007ರ ಏಪ್ರಿಲ್‌ನಲ್ಲಿ, ತೇಜಸ್ವಿ ತೀರಿಕೊಂಡರು. ಆ ದಾಖಲೆಗಳ ಹೊಣೆಯನ್ನು ಅವರ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ತೋಟದಲ್ಲಿ ಸದಾ ಎಚ್ಚರವಿದ್ದ ಅವರ ಅನುಮಾನದ ಕಣ್ಣಿಗೆ ಅನುವಾದದಲ್ಲಿ ಎಡೆ ಸಿಗಲಿಲ್ಲ. ಅಲ್ಲಿ ಅವರು ಹೇಳಿದವನ ಹಿಂದೆ ನಡೆಯಬೇಕಾಯಿತು.

ಕಥೆ ಚೆನ್ನಾಗಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಮರುಭೂಮಿಯಲ್ಲಿ ಸಾಯುವ ಕ್ರಿಸ್ಟಿನಾ ಎಂಬ ಹುಡುಗಿಗಾಗಿ ಎಷ್ಟೋ ಓದುಗರು ಕಣ್ಣೀರಿಟ್ಟಿದ್ದಾರೆ, ನಿಜವೆಂದು ನಂಬಿ. ನಿಜವಾಗಿ ನೊಂದವರು ಬೇರೆ ಇದ್ದರು. 1940–41ರಲ್ಲಿ ಸೋವಿಯತ್ ಸರ್ಕಾರ ಲಕ್ಷಾಂತರ ಪೋಲಿಷರನ್ನು ಸೈಬೀರಿಯಾ, ಮಧ್ಯ ಏಷ್ಯಾಗಳಿಗೆ ಅಟ್ಟಿತು. ಅವರಲ್ಲಿ ಕೆಲವು ಸಾವಿರ ಜನ ಇರಾನಿನ ಮೂಲಕ ಭಾರತಕ್ಕೂ ಬಂದರು. ಹಾಗೆ ಬಂದ ಸುಮಾರು 5,000 ಮಂದಿ, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, 1943ರಿಂದ 1948ರವರೆಗೆ ಕೊಲ್ಹಾಪುರದ ಹತ್ತಿರದ ವಳಿವಡೆಯಲ್ಲಿ ಬದುಕಿದರು. ಬೆಳಗಾವಿಯಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ! ಹಿಮಮಾನವನಿಲ್ಲದ ಅವರ ಕಥೆ ನಮಗೆ ತಿಳಿಯಲಿಲ್ಲ. ಹಿಮಮಾನವನಿರುವ ಕಥೆ ಮನೆಮನೆ ಸೇರಿತು.

‘ಮಹಾಪಲಾಯನ’ವನ್ನು ಓದಬೇಡಿ ಎಂದು ನಾನು ಹೇಳಲಾರೆ. ಹಸಿವು, ಚಳಿ, ಗೆಳೆತನಗಳನ್ನು ಅಷ್ಟು ಬಿಗಿಯಾಗಿ ಹೇಳುವ ಕನ್ನಡ ಗದ್ಯ ಕಡಿಮೆ. ಮಕ್ಕಳ ಕೈಗೆ ಕೊಡುವಾಗ ಅದನ್ನು ‘ಕರ್ವಾಲೊ’ ಪಕ್ಕದಲ್ಲಿ, ಕಾದಂಬರಿಗಳ ಸಾಲಿನಿಂದ ತೆಗೆದು ಕೊಡೋಣ. ವಳಿವಡೆಯ ಹೆಂಗಸರ ವಿಷಯವನ್ನೂ ಆಗಲೇ ಹೇಳೋಣ.