ಒಂದೇ ಪಿಸ್ತೂಲು, ಎರಡು ತನಿಖೆ

ಸಂಶೋಧಕ ಎಂ.ಎಂ. ಕಲಬುರ್ಗಿಯವರ ಕೊಲೆಯ ತನಿಖೆಯನ್ನು ಹೊಗಳುವವರು ಅದು ಎಲ್ಲಿ ಗೆದ್ದಿತು ಎಂಬುದನ್ನು ಹೇಳುವುದಿಲ್ಲ. ಗುಂಡು ಹಾರಿದ್ದು ಧಾರವಾಡದ ಕಲ್ಯಾಣನಗರದಲ್ಲಿ, 2015ರ ಆಗಸ್ಟ್ 30ರ ಭಾನುವಾರ ಬೆಳಿಗ್ಗೆ. ಸುಳಿವು ಗಟ್ಟಿಯಾದದ್ದು ಬೆಂಗಳೂರಿನಲ್ಲಿ, ಅದೂ ಎರಡು ವರ್ಷದ ಮೇಲೆ, 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆಯ ಮುಂದೆ ಗುಂಡಿಗೆ ಬಿದ್ದ ನಂತರ.

ನಡುವಿನ ಕಾಲದಲ್ಲಿ ಪ್ರಕರಣ ಸಿಐಡಿ ಕೈಯಲ್ಲಿತ್ತು. ಆಸ್ತಿ ತಕರಾರೋ, ಸಂಶೋಧನೆಯ ಜಗಳವೋ ಎಂಬ ಊಹೆಗಳು ಹರಿದಾಡಿದವು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಕಲಬುರ್ಗಿ. ನಮ್ಮ ಹನುಮಸಾಗರದ ಕಡೆಗೂ ಅವರ ಹೆಸರು ಹೊಸದಲ್ಲ. ‘ಹೊಡದವ್ರು ಸಿಕ್ರೇನ್ರಿ?’ ಎಂದು ಚಹಾದಂಗಡಿಯಲ್ಲಿ ಕೇಳುತ್ತಿದ್ದವರೂ ಕ್ರಮೇಣ ಸುಮ್ಮನಾದರು. ಕೊಲ್ಹಾಪುರದ ಕಮ್ಯುನಿಸ್ಟ್ ಮುಖಂಡ ಗೋವಿಂದ ಪಾನ್ಸರೆ ಹತ್ಯೆಯ ತೋಟಾಗಳೊಂದಿಗೆ ಹೋಲಿಕೆ ಇದೆ ಎಂಬ ಮಾಹಿತಿ ಮಾತ್ರ ಆಗಲೇ ಕೈಯಲ್ಲಿತ್ತು. ಆದರೆ ಅದಕ್ಕೂ ಮೊದಲು ಪುಣೆಯಲ್ಲಿ ಕೊಲೆಯಾದ ವಿಚಾರವಾದಿ ನರೇಂದ್ರ ದಾಭೋಲ್ಕರ್ ಪ್ರಕರಣ ಸಿಬಿಐಗೆ, ಪಾನ್ಸರೆಯವರದು ಮಹಾರಾಷ್ಟ್ರದ ತಂಡಕ್ಕೆ, ಕಲಬುರ್ಗಿಯವರದು ನಮ್ಮ ಸಿಐಡಿಗೆ. ಮೂರು ಕಡತಗಳು ಮೂರು ಕಪಾಟಿನಲ್ಲಿದ್ದವು.

ಗೌರಿ ಪ್ರಕರಣದ ವಿಶೇಷ ತನಿಖಾ ತಂಡದ ಕೆಲಸ ಬೇರೆಯೇ ಜಾತಿಯದು. ನಾಡ ಪಿಸ್ತೂಲು ಸಿಗಲೇ ಇಲ್ಲ, ನಿಜ. ಆದರೆ ಗುಂಡು ಸಿಡಿಯುವಾಗ ಪಿಸ್ತೂಲಿನ ಮೊಳೆ ತೋಟಾದ ತಳಕ್ಕೆ ಹೊಡೆದು ತನ್ನದೇ ಗುರುತು ಬಿಡುತ್ತದೆ. 7.65 ಮಿ.ಮೀ. ತೋಟಾಗಳನ್ನು ಹೋಲಿಸಿದ ವಿಧಿವಿಜ್ಞಾನ ಪ್ರಯೋಗಾಲಯ, ಕಲಬುರ್ಗಿ ಮತ್ತು ಗೌರಿ ಇಬ್ಬರಿಗೂ ಹೊಡೆದದ್ದು ಒಂದೇ ಪಿಸ್ತೂಲು ಎಂದಿತು. ತಂಡ ಗುಂಡು ಹಾರಿಸಿದವನಲ್ಲಿಗೇ ನಿಲ್ಲಲಿಲ್ಲ. ವಶಪಡಿಸಿಕೊಂಡ ಡೈರಿಯ ಸಂಕೇತಗಳನ್ನು ಬಿಡಿಸುತ್ತ, ಹುಡುಗರನ್ನು ಸೇರಿಸಿಕೊಂಡವರು, ತರಬೇತಿ ಕೊಟ್ಟವರು, ತಂಗಲು ಮನೆ ಕೊಟ್ಟವರವರೆಗೂ ಹೋಯಿತು. 18 ಆರೋಪಿಗಳ ದೋಷಾರೋಪ ಪಟ್ಟಿಯ ನಿಜವಾದ ಬೆಲೆ ಇರುವುದು ಅಲ್ಲಿ. ಸಿಸಿಟಿವಿ ದೃಶ್ಯ ಹಿಡಿದು ಮಾಡಿದ ನಡಿಗೆಯ ವಿಶ್ಲೇಷಣೆಗೆ ಪತ್ರಿಕೆಗಳು ಬಹಳ ಬೆರಗಾದವು; ನನಗೆ ಅಷ್ಟು ನಂಬಿಕೆಯಿಲ್ಲ. ಹೆಲ್ಮೆಟ್ಟಿನೊಳಗಿನ ಮನುಷ್ಯನನ್ನು ಹೆಜ್ಜೆಯಿಂದ ಗುರುತಿಸುವುದು ಪೂರಕ ಸಾಕ್ಷ್ಯವಾದೀತೇ ಹೊರತು ತೋಟಾದ ಗುರುತಿಗೆ ಸಮನಾಗದು.

ಧಾರವಾಡದ ಕಡತಕ್ಕೆ ಈ ಭಾಗ್ಯ ಸುಮ್ಮನೆ ಬರಲಿಲ್ಲ. ಪತ್ನಿ ಉಮಾದೇವಿಯವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. 2019ರ ಫೆಬ್ರುವರಿ 26ರಂದು ಕೋರ್ಟು ತನಿಖೆಯನ್ನು ಗೌರಿ ಪ್ರಕರಣದ ತಂಡಕ್ಕೇ ಒಪ್ಪಿಸಿ, ಉಸ್ತುವಾರಿಯನ್ನು ಹೈಕೋರ್ಟಿನ ಧಾರವಾಡ ಪೀಠಕ್ಕೆ ಕೊಟ್ಟಿತು. ಆಗಸ್ಟ್‌ನಲ್ಲಿ ಆರು ಜನರ ಮೇಲೆ ದೋಷಾರೋಪ ಪಟ್ಟಿ ಬಂತು. ಮೂರೂವರೆ ವರ್ಷ ಆಗದ ಕೆಲಸ ಆರು ತಿಂಗಳಲ್ಲಿ ಆಯಿತೆಂದರೆ, ಅದು ಹೊಸ ತಂಡಕ್ಕೆ ಹೊಗಳಿಕೆ. ಹಳೆಯ ವ್ಯವಸ್ಥೆಗೆ ಏನೆಂದು ಬೇರೆ ಹೇಳಬೇಕಿಲ್ಲ.

ಇನ್ನು ಪಟ್ಟಿ ಎಂದರೆ ತೀರ್ಪಲ್ಲ. 2024ರ ಮೇ 10ರಂದು ಪುಣೆಯ ನ್ಯಾಯಾಲಯ ದಾಭೋಲ್ಕರ್ ಪ್ರಕರಣದಲ್ಲಿ ಗುಂಡು ಹಾರಿಸಿದ ಇಬ್ಬರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು; ಸಂಚಿನ ಸೂತ್ರಧಾರನೆಂದು ಸಿಬಿಐ ಹೇಳಿದ್ದವನೂ ಸೇರಿ ಮೂವರನ್ನು ಬಿಟ್ಟಿತು. ಗೌರಿ ಪ್ರಕರಣದ ವಿಚಾರಣೆ ಶುರುವಾದದ್ದೇ 2022ರಲ್ಲಿ. ಮರುವರ್ಷದ ಡಿಸೆಂಬರಿನಲ್ಲಿ, ವಿಳಂಬವನ್ನೇ ಕಾರಣವಾಗಿಟ್ಟು ಹೈಕೋರ್ಟು ಒಬ್ಬ ಆರೋಪಿಗೆ ಜಾಮೀನು ಕೊಟ್ಟಾಗ, ಪಟ್ಟಿಯಲ್ಲಿದ್ದ 500ಕ್ಕೂ ಹೆಚ್ಚು ಸಾಕ್ಷಿಗಳಲ್ಲಿ ನೂರು ಮಂದಿಯ ಹೇಳಿಕೆಯೂ ದಾಖಲಾಗಿರಲಿಲ್ಲ.